ಸಿ.ಟಿ. ರಿಪೋರ್ಟಲ್ಲಿ ‘ಕ್ಯಾಲ್ಸಿಫಿಕೇಶನ್’ ಅಂತ ಬಂದ್ರೆ ಯಾವುದನ್ನ ಬಿಡಬಹುದು, ಯಾವುದನ್ನ ಬಿಡಬಾರದು?

ಮದ್ದೂರು_ಓಪಿಡಿ
ಓಪಿಡಿಲಿ ಕೂರೋ ಎಲ್ಲರಿಗೂ ಗೊತ್ತಿರೋ ತಾಪತ್ರಯ ಇದು. ಬೈಕಿಂದ ಬಿದ್ದೋ, ತಲೆಸುತ್ತು ಅಂತಲೋ ಸಿ.ಟಿ. ಆಗಿರುತ್ತೆ. ರಕ್ತಸ್ರಾವ ಇಲ್ಲ, ಗೆಡ್ಡೆ ಇಲ್ಲ. ಆದ್ರೆ ರಿಪೋರ್ಟಿನ ನಡುವೆ ಒಂದು ಸಾಲು: ‘ಪೀನಿಯಲ್ ಮತ್ತು ಕೋರಾಯ್ಡ್ ಪ್ಲೆಕ್ಸಸ್‌ನಲ್ಲಿ ಕ್ಯಾಲ್ಸಿಫಿಕೇಶನ್’. ಅಂದ್ರೆ ಆ ಜಾಗಗಳಲ್ಲಿ ಸುಣ್ಣ ಕಟ್ಟಿದೆ ಅಂತ. ಮನೆಯವರು ಆ ಒಂದು ಸಾಲನ್ನೇ ಹಿಡ್ಕೊಂಡು ಬರ್ತಾರೆ. ಮೆದುಳಲ್ಲಿ ಕಲ್ಲಾಗಿದೆಯಂತೆ, ಆಪರೇಷನ್ ಬೇಕಾ, ಕರಗಿಸೋಕೆ ಮಾತ್ರೆ ಇದೆಯಾ? ಅಷ್ಟೊತ್ತಿಗೆ ಮನೇಲಿ ರಾಗಿಮುದ್ದೆ ನಿಂತಿರುತ್ತೆ, ಹಾಲು ನಿಂತಿರುತ್ತೆ, ಮೂಳೆ ಸವೆತಕ್ಕೆ ಬರೆದ ಕ್ಯಾಲ್ಸಿಯಂ ಮಾತ್ರೆಯನ್ನೂ ಬಿಟ್ಟಿರ್ತಾರೆ.

ಎಲ್ಲಿದ್ರೆ, ಎಷ್ಟು ವಯಸ್ಸಲ್ಲಿ, ಎಷ್ಟು ದೊಡ್ಡದಿದ್ರೆ ಧೈರ್ಯ ಹೇಳಿ ಕಳಿಸಬಹುದು? ಯಾವಾಗ ರಕ್ತ ಪರೀಕ್ಷೆ ಬರೀಲೇಬೇಕು? ತಿಳಿದೋರು ವಿವರವಾಗಿ ಬರೀರಿ. ಹಳ್ಳಿ ಕಡೆ ಕೆಲಸ ಮಾಡೋರಿಗೂ ಆಗುತ್ತೆ.

ಗ್ಯಾಂಟ್ರಿ_ಮಂಡ್ಯ
ಮಾತ್ರೆ ನಿಲ್ಲಿಸೋದನ್ನ ಮೊದಲು ತಡೀರಿ ಡಾಕ್ಟ್ರೇ. ಮಿಕ್ಕಿದ್ದು ಆಮೇಲೆ.

ಒಂಟಿಕೊಪ್ಪಲ್_ಫಿಲ್ಮ್
ಎಲ್ಲಿದೆ, ವಯಸ್ಸೆಷ್ಟು, ಎರಡೂ ಕಡೆ ಒಂದೇ ಥರ ಇದೆಯಾ. ಈ ಮೂರು ನೋಡ್ಕೊಂಡ್ರೆ ಮುಕ್ಕಾಲು ಪಾಲು ತೀರ್ಮಾನ ಆದಂಗೆ.

ಪೀನಿಯಲ್ ಗ್ರಂಥಿ ಮೆದುಳಿನ ನಟ್ಟನಡುವೆ, ಮೂರನೇ ವೆಂಟ್ರಿಕಲ್ (ಮೆದುಳೊಳಗಿನ ನೀರಿನ ಕುಳಿ) ಹಿಂದೆ ಇರುತ್ತೆ. ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅಲ್ಲಿ ಸುಣ್ಣದ ಹರಳು ಕಾಣುತ್ತೆ. 1 ಸೆಂ.ಮೀ. ಒಳಗಿದ್ದು, ಗ್ರಂಥಿ ಊದಿಲ್ಲ ಅಂದ್ರೆ ಬಿಟ್ಟುಬಿಡಿ. ಅದರ ಮುಂದೆ ಕೆಲವೇ ಮಿಲಿಮೀಟರ್ ದೂರದಲ್ಲಿ ಬಾಗಿದ ಗೆರೆ ಥರ ಹೊಳೆಯೋದು ಹೆಬೆನ್ಯುಲಾ, ಅದೂ ಮಾಮೂಲು.

ಕೋರಾಯ್ಡ್ ಪ್ಲೆಕ್ಸಸ್‌ದು (ಆ ನೀರನ್ನ ಸ್ರವಿಸೋ ಜಾಲದ್ದು) ಲ್ಯಾಟರಲ್ ವೆಂಟ್ರಿಕಲ್ ಹಿಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು. 40 ದಾಟಿದವರಲ್ಲಿ ದಂಡಿಯಾಗಿ ಕಾಣುತ್ತೆ. ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇದ್ರೂ ಚಿಂತೆ ಇಲ್ಲ. ಅದೇ ಹರಳು ಮೂರನೇ ಅಥವಾ ನಾಲ್ಕನೇ ವೆಂಟ್ರಿಕಲ್‌ನಲ್ಲಿ ಕಂಡ್ರೆ, ಇಲ್ಲಾ ಚಿಕ್ಕ ಮಗುವಲ್ಲಿ ಕಂಡ್ರೆ, ಮಾಮೂಲು ಅಂತ ಬರೆಯೋ ಹಾಗಿಲ್ಲ.

ಎರಡು ಅರೆಗೋಳದ ನಡುವಿನ ಫಾಲ್ಕ್ಸ್, ಕೆಳಗಿನ ಟೆಂಟೋರಿಯಂ, ಪಿಟ್ಯುಟರಿ ಗ್ರಂಥಿ ಕೂರೋ ಸೆಲ್ಲಾ ಪಕ್ಕದ ಪೆಟ್ರೋಕ್ಲೈನಾಯ್ಡ್ ಪಟ್ಟಿ, ಇವೆಲ್ಲ ಮೆದುಳಿನ ಅಂಗಾಂಶವೇ ಅಲ್ಲ, ಪೊರೆ. ವಯಸ್ಸಾದಂಗೆ ಸುಣ್ಣ ಕಟ್ಟುತ್ತೆ. ಫಾಲ್ಕ್ಸ್‌ದು ಕೆಲವೊಮ್ಮೆ ಪೂರ್ತಿ ಮೂಳೆಯಾಗಿ, ಒಳಗೆ ಮಜ್ಜೆಯ ಕೊಬ್ಬೂ ಇರುತ್ತೆ. ಎಳೇ ವಯಸ್ಸಲ್ಲೇ ಫಾಲ್ಕ್ಸ್ ಉದ್ದಕ್ಕೂ ದಪ್ಪಗೆ ಕಟ್ಟಿದ್ರೆ ಮಾತ್ರ ಗಾರ್ಲಿನ್ ಸಿಂಡ್ರೋಮ್ (ವಂಶದಲ್ಲಿ ಬರೋ ಒಂದು ಕಾಯಿಲೆ) ನೆನಪು ಮಾಡ್ಕೊಳ್ಳಿ. ದವಡೆಯಲ್ಲಿ ಸಿಸ್ಟ್ ಇದೆಯಾ, ಚರ್ಮದ ಮೇಲೆ ಗಂಟಿದೆಯಾ ನೋಡಿ.

ನರಗುಂಪು_ಮೈಸೂರು
ಮೇಲಿನವರು ಬೇಸಲ್ ಗ್ಯಾಂಗ್ಲಿಯಾ (ಮೆದುಳಿನ ಆಳದ ನರಕೋಶದ ಗುಂಪುಗಳು) ಬಿಟ್ಟಿದ್ದಾರೆ. ತೊಡಕಿರೋದೇ ಅಲ್ಲಿ.

ಒಂಟಿಕೊಪ್ಪಲ್_ಫಿಲ್ಮ್
ಬೇಕಂತಲೇ ಬಿಟ್ಟೆ ಸಾರ್, ನೀವು ಬರೀತೀರ ಅಂತ.

ನರಗುಂಪು_ಮೈಸೂರು
ಸರಿ. ಅದರ ಒಂದು ಭಾಗವಾದ ಗ್ಲೋಬಸ್ ಪ್ಯಾಲಿಡಸ್‌ನಲ್ಲಿ ಎರಡೂ ಕಡೆ ಸಣ್ಣ ಚುಕ್ಕೆ, ಮಸುಕಾಗಿ, ವಯಸ್ಸು 65, ಕೈಕಾಲು ಸರಿಯಾಗಿದೆ. ಇದು ವಯಸ್ಸಿನದು, ಬಿಡಿ. ಅದೇ ಚಿತ್ರ 28 ವರ್ಷದವರಲ್ಲಿ ಬಂದ್ರೆ ‘ಫಿಸಿಯಾಲಾಜಿಕಲ್’ ಅಂತ ಬರೆದು ಕಳಿಸಬಾರದು. ಹಾಗೇ ಸುಣ್ಣ ಪ್ಯಾಲಿಡಸ್ ದಾಟಿ ಕಾಡೇಟ್, ಪುಟಾಮೆನ್, ಥಲಾಮಸ್, ಕಿರುಮೆದುಳಿನ ಡೆಂಟೇಟ್ ನ್ಯೂಕ್ಲಿಯಸ್‌ವರೆಗೂ ಹರಡಿದ್ರೆ ವಯಸ್ಸು ಎಷ್ಟಾದ್ರೂ ಹುಡುಕಬೇಕು.

ಮೊದಲು ಹುಡುಕಬೇಕಾದ್ದು ಪ್ಯಾರಾಥೈರಾಯ್ಡ್ ಕೊರತೆ (ಥೈರಾಯ್ಡ್ ಹಿಂದಿರೋ ಪುಟ್ಟ ಗ್ರಂಥಿಗಳ ಹಾರ್ಮೋನ್ ಕೊರತೆ). ಕುತ್ತಿಗೆಯಲ್ಲಿ ಥೈರಾಯ್ಡ್ ಆಪರೇಷನ್ ಗಾಯ ಇದೆಯಾ ನೋಡಿ, ಕಾಲರ್ ಸರಿಸಿ ನೋಡಿದ್ರೆ ಸಾಕು. ಬೆರಳ ತುದಿ, ತುಟಿ ಸುತ್ತ ಜುಮ್ಮೆನ್ನುತ್ತಾ, ಕೈ ಸೆಟೆದುಕೊಳ್ಳುತ್ತಾ, ಸಣ್ಣ ವಯಸ್ಸಲ್ಲೇ ಕಣ್ಣಿನ ಪೊರೆ ಬಂದಿದೆಯಾ, ಫಿಟ್ಸ್ ಇದೆಯಾ ಕೇಳಿ. ಇವರಲ್ಲಿ ರಕ್ತದ ಕ್ಯಾಲ್ಸಿಯಂ *ಕಮ್ಮಿ* ಇರುತ್ತೆ, ರಂಜಕ ಜಾಸ್ತಿ ಇರುತ್ತೆ. ಮೆದುಳಲ್ಲಿ ಸುಣ್ಣ ಕಂಡಿತು ಅಂತ ಇಂಥವರಿಗೆ ಹಾಲು, ರಾಗಿ, ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದ್ರೆ ಫಿಟ್ಸ್ ಬರಿಸಿದಂಗೆ. ಚಿಕಿತ್ಸೆ ಇರೋದೇ ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಕೊಡೋದ್ರಲ್ಲಿ. ಕಟ್ಟಿರೋ ಸುಣ್ಣ ಕರಗಲ್ಲ, ಆದ್ರೆ ಸೆಟೆತ ನಿಲ್ಲುತ್ತೆ, ಫಿಟ್ಸ್ ಹತೋಟಿಗೆ ಬರುತ್ತೆ.

ನಾಲೆಬದಿ
ಕ್ಯಾಲ್ಸಿಯಂ ಕಮ್ಮಿ ಇದ್ರೆ ಸುಣ್ಣ ಹೆಂಗ್ ಕಟ್ಟುತ್ತೆ ಸಾರ್? ಲೆಕ್ಕ ತಾಳೆ ಆಗ್ತಿಲ್ಲ.

ನರಗುಂಪು_ಮೈಸೂರು
ಒಳ್ಳೇ ಪ್ರಶ್ನೆ. ಕಟ್ಟೋದು ಬರೀ ಕ್ಯಾಲ್ಸಿಯಂ ಅಲ್ಲ, ಕ್ಯಾಲ್ಸಿಯಂ ಫಾಸ್ಫೇಟ್. ಪ್ಯಾರಾಥೈರಾಯ್ಡ್ ಹಾರ್ಮೋನ್ ಇದ್ರೆ ಕಿಡ್ನಿ ಫಾಸ್ಫೇಟನ್ನ ಮೂತ್ರಕ್ಕೆ ಹಾಕುತ್ತೆ. ಹಾರ್ಮೋನ್ ಇಲ್ಲದಿದ್ರೆ ಫಾಸ್ಫೇಟ್ ರಕ್ತದಲ್ಲೇ ಉಳಿಯುತ್ತೆ, ಬೇಸಲ್ ಗ್ಯಾಂಗ್ಲಿಯಾದ ಸಣ್ಣ ರಕ್ತನಾಳದ ಗೋಡೆ ಸುತ್ತ ಕಟ್ಟೋಕೆ ಶುರುವಾಗುತ್ತೆ. ಮೆದುಳಲ್ಲಿ ಸುಣ್ಣ ಕಟ್ಟೋ ವಂಶಪಾರಂಪರ್ಯ ಕಾಯಿಲೆಯಲ್ಲೂ ಇದೇ ಸುಳಿವು. ಅಲ್ಲಿ ಕೆಟ್ಟಿರೋ ಜೀನ್‌ಗಳಲ್ಲಿ ಎಸ್‌ಎಲ್‌ಸಿ20ಎ2, ಎಕ್ಸ್‌ಪಿಆರ್1 ಎರಡೂ ಫಾಸ್ಫೇಟ್ ಸಾಗಿಸೋ ಪ್ರೋಟೀನಿನವು. ತಟ್ಟೆಯಲ್ಲಿರೋ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧ ಇಲ್ಲ.

ಲ್ಯಾಬ್_ಬೆಂಚು
ಪರೀಕ್ಷೆ ಬರೆಯೋರು ದಯವಿಟ್ಟು ಇದನ್ನ ಓದಿ. ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ, ಆಲ್ಬುಮಿನ್, ಕ್ರಿಯಾಟಿನಿನ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ವಿಟಮಿನ್ ಡಿ. ಇಷ್ಟನ್ನ *ಒಂದೇ ಸಲ* ತೆಗೆದ ರಕ್ತದಲ್ಲಿ ಮಾಡಿಸಿ. ಇವತ್ತಿನ ಕ್ಯಾಲ್ಸಿಯಂನ ಹೋದ ತಿಂಗಳಿನ ಪಿಟಿಎಚ್ ಜೊತೆ ಇಟ್ಟು ನೋಡಿದ್ರೆ ಅರ್ಥ ಇಲ್ಲ.

ಎಡವೋ ಜಾಗ ಎರಡು. ಒಂದು, ತೋಳಿಗೆ ಪಟ್ಟಿ ಬಿಗಿದು ಹೊತ್ತಾಗಿ ರಕ್ತ ತೆಗೆದ್ರೆ ಕ್ಯಾಲ್ಸಿಯಂ ಸುಳ್ಳೇ ಜಾಸ್ತಿ ಬರುತ್ತೆ. ಸೂಜಿ ಒಳಗೆ ಹೋದ ಕೂಡ್ಲೇ ಪಟ್ಟಿ ಸಡಿಲ ಬಿಡಬೇಕು. ಎರಡು, ನೇರಳೆ ಮುಚ್ಚಳದ ಟ್ಯೂಬಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂಗೆ ಹಾಕೋ ರಾಸಾಯನಿಕ) ಕ್ಯಾಲ್ಸಿಯಂನ ಹಿಡ್ಕೊಂಡುಬಿಡುತ್ತೆ. ಆ ಟ್ಯೂಬಿನ ರಕ್ತ ಸೀರಂ ಟ್ಯೂಬಿಗೆ ಸ್ವಲ್ಪ ಬೆರೆತ್ರೂ ಕ್ಯಾಲ್ಸಿಯಂ ತೀರಾ ಕೆಳಗೆ, ಪೊಟ್ಯಾಸಿಯಂ ತೀರಾ ಮೇಲೆ ಬರುತ್ತೆ. ಎರಡೂ ಒಟ್ಟಿಗೆ ಹಂಗೆ ಕಂಡ್ರೆ ರೋಗಿಗೆ ಚಿಕಿತ್ಸೆ ಶುರು ಮಾಡ್ಬೇಡಿ, ಮತ್ತೆ ರಕ್ತ ತೆಗೀರಿ. ಪಿಟಿಎಚ್‌ಗೆ ಇಡಿಟಿಎ ಟ್ಯೂಬೇ ಒಳ್ಳೇದು, ಅದಕ್ಕೇ ಸೀರಂ ಟ್ಯೂಬನ್ನ ಮೊದಲು ತುಂಬಿಸಿ ನೇರಳೇದನ್ನ ಆಮೇಲೆ ತುಂಬಿಸ್ಬೇಕು.

ಆಲ್ಬುಮಿನ್ ಕಮ್ಮಿ ಇದ್ರೆ ಲೆಕ್ಕ ಸರಿ ಮಾಡ್ಕೊಳ್ಳಿ. ಬಂದ ಕ್ಯಾಲ್ಸಿಯಂಗೆ, 4ರಿಂದ ಆಲ್ಬುಮಿನ್ ಕಳೆದು 0.8ರಿಂದ ಗುಣಿಸಿದ್ದನ್ನ ಕೂಡಿಸಿ. ಕ್ಯಾಲ್ಸಿಯಂ 7.8, ಆಲ್ಬುಮಿನ್ 2.5 ಅಂದ್ರೆ ನಿಜವಾದ ಲೆಕ್ಕ 9.0. ಅದು ಕೊರತೆಯೇ ಅಲ್ಲ.

ಮದ್ದೂರು_ಓಪಿಡಿ
ಇದು ಬೇಕಿತ್ತು. ಫಲಿತಾಂಶ ಓದೋದು ಹೆಂಗೆ ಅನ್ನೋದನ್ನೂ ಬರೀರಿ.

ಲ್ಯಾಬ್_ಬೆಂಚು
ಕ್ಯಾಲ್ಸಿಯಂ ಕಮ್ಮಿ, ರಂಜಕ ಜಾಸ್ತಿ, ಪಿಟಿಎಚ್ ಕಮ್ಮಿ ಅಂದ್ರೆ ಹೈಪೋಪ್ಯಾರಾಥೈರಾಯ್ಡ್. ಕ್ಯಾಲ್ಸಿಯಂ ಕಮ್ಮಿ ಇದ್ದೂ ಪಿಟಿಎಚ್ ‘ನಾರ್ಮಲ್’ ಅಂತ ಬಂದ್ರೂ ಅದು ಕೊರತೆಯೇ, ಆ ಹೊತ್ತಲ್ಲಿ ಅದು ಏರಿರಬೇಕಿತ್ತು. ಮೊದಲ ಎರಡು ಹಂಗೇ ಇದ್ದು ಪಿಟಿಎಚ್ ಜಾಸ್ತಿ, ಕಿಡ್ನಿ ಸರಿ ಇದೆ ಅಂದ್ರೆ ಸ್ಯೂಡೋಹೈಪೋ, ಅಂದ್ರೆ ಹಾರ್ಮೋನ್ ಇದ್ದೂ ದೇಹ ಅದರ ಮಾತು ಕೇಳ್ತಿಲ್ಲ. ಮುಷ್ಟಿ ಕಟ್ಟಿಸಿ ನಾಲ್ಕನೇ ಬೆರಳಿನ ಗೆಣ್ಣು ಒಳಗೆ ಹೋಗಿದೆಯಾ ನೋಡಿ. ರಂಜಕವೂ ಕಮ್ಮಿ ಇದ್ದು ಪಿಟಿಎಚ್ ಜಾಸ್ತಿ ಅಂದ್ರೆ ವಿಟಮಿನ್ ಡಿ ಕೊರತೆ ಕಡೆ ಹೋಗಿ. ಮೆಗ್ನೀಸಿಯಂ ತೀರಾ ಕೆಳಗಿದ್ರೆ ಅದನ್ನ ಸರಿ ಮಾಡೋವರೆಗೂ ಪಿಟಿಎಚ್ ನಂಬಬೇಡಿ.

ಕುವೆಂಪುನಗರ_ಔಷಧಿ
ಒಂದು ಸೇರಿಸ್ತೀನಿ. ಫಿಟ್ಸ್‌ಗೆ ಫೆನಿಟಾಯಿನ್, ಫಿನೋಬಾರ್ಬಿಟೋನ್ ವರ್ಷಗಟ್ಟಲೆ ತಗೊಳ್ಳೋರಲ್ಲಿ ವಿಟಮಿನ್ ಡಿ ಬೇಗ ಖಾಲಿಯಾಗುತ್ತೆ, ಅದರಿಂದ ಕ್ಯಾಲ್ಸಿಯಂ ಇನ್ನೂ ಇಳಿಯುತ್ತೆ. ಹೈಪೋಪ್ಯಾರಾಥೈರಾಯ್ಡ್‌ನ ಫಿಟ್ಸನ್ನ ಬರೀ ಎಪಿಲೆಪ್ಸಿ ಅಂದ್ಕೊಂಡು ಈ ಮಾತ್ರೆ ಏರಿಸ್ತಾ ಹೋದ್ರೆ ಫಿಟ್ಸ್ ನಿಲ್ಲಲ್ಲ, ಜಾಸ್ತಿಯಾಗುತ್ತೆ.

ಚಾಮುಂಡಿಪುರಂ_ಎಂಡಿ
ಹಂಗಾದ್ರೆ ಬೇಸಲ್ ಗ್ಯಾಂಗ್ಲಿಯಾ ಕ್ಯಾಲ್ಸಿಫಿಕೇಶನ್ ಕಂಡ ಎಲ್ಲರಿಗೂ ಈ ಪಟ್ಟಿ ಬರೆದ್ರೆ ಏನು ನಷ್ಟ? 65 ಆಗಿದ್ರೂ ಬರೀರಿ.

ನರಗುಂಪು_ಮೈಸೂರು
ಒಪ್ಪಲ್ಲ. ಪಿಟಿಎಚ್, ವಿಟಮಿನ್ ಡಿ ಎರಡೂ ಅಗ್ಗದ್ದಲ್ಲ. ಆ ವಯಸ್ಸಲ್ಲಿ ಮಸುಕಾದ ಚುಕ್ಕೆ ಎಷ್ಟೋ ಜನಕ್ಕಿರುತ್ತೆ. ದಿನಗೂಲಿಯವರ ಜೇಬಿಂದ ಆ ದುಡ್ಡು ಹೋಗುತ್ತೆ, ಜೊತೆಗೆ ‘ಏನೋ ಇದೆ’ ಅನ್ನೋ ಭಯ ಮನೆಗೆ ಹೋಗುತ್ತೆ.

ಚಾಮುಂಡಿಪುರಂ_ಎಂಡಿ
ಪೂರ್ತಿ ಪಟ್ಟಿ ಬೇಡ ಸಾರ್. ಬರೀ ಕ್ಯಾಲ್ಸಿಯಂ, ರಂಜಕ, ಆಲ್ಬುಮಿನ್. ಇವು ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತೆ. ಥೈರಾಯ್ಡ್ ಆಪರೇಷನ್ ಯಾವಾಗಲೋ ಆಗಿರುತ್ತೆ, ಕೇಳಿದ್ರೆ ಹೇಳಲ್ಲ. ಜುಮ್ಮೆನ್ನೋದನ್ನ ನರದ ದೌರ್ಬಲ್ಯ ಅಂತ ಬಿ12 ಸೂಜಿ ಹಾಕಿಸ್ಕೊಂಡು ಸುಮ್ಮನಿರ್ತಾರೆ.

ನರಗುಂಪು_ಮೈಸೂರು
ಆ ಮೂರಕ್ಕೆ ನನ್ನ ತಕರಾರಿಲ್ಲ. ತೊಂದರೆ ಇಲ್ಲದ ವಯಸ್ಸಾದವರಿಗೆ ಅಷ್ಟಕ್ಕೇ ನಿಲ್ಲಿಸಿ. 40ರ ಒಳಗಿನವರು, ಸುಣ್ಣ ದಟ್ಟವಾಗಿರೋರು, ಪ್ಯಾಲಿಡಸ್ ದಾಟಿರೋರು, ಫಿಟ್ಸ್, ನಡುಕ, ನಡಿಗೆ ತೊಡರೋದು, ಸ್ವಭಾವ ಬದಲಾಗಿರೋದು ಇರೋರು, ಇವರಿಗೆ ಪೂರ್ತಿ ಪಟ್ಟಿ. ಎಲ್ಲ ಸರಿ ಬಂದೂ ದಟ್ಟವಾಗಿದ್ರೆ ಫ್ಯಾಮಿಲಿಯಲ್ ಬ್ರೈನ್ ಕ್ಯಾಲ್ಸಿಫಿಕೇಶನ್ (ಮೇಲೆ ಹೇಳಿದ ವಂಶಪಾರಂಪರ್ಯ ಕಾಯಿಲೆ) ಯೋಚಿಸಿ, ನಿಮ್ಹಾನ್ಸ್‌ನಂಥ ಕಡೆ ಕಳಿಸಿ. ಹೆಚ್ಚಿನ ಮನೆತನಗಳಲ್ಲಿ ಅದು ಅಪ್ಪ ಅಥವಾ ಅಮ್ಮ ಒಬ್ಬರಿಂದಲೇ ಬರುತ್ತೆ. ಎಂವೈಓಆರ್‌ಜಿ, ಜೆಎಎಂ2 ಥರದ ಜೀನಿನದಾದ್ರೆ ಇಬ್ಬರಿಂದಲೂ ಬರಬೇಕು. ಸೋದರಮಾವನ, ಅತ್ತೆ ಮಗಳ ಸಂಬಂಧ ಮಾಡೋ ನಮ್ಮ ಕಡೆ ಈ ಎರಡನ್ನ ಮರೀಬಾರದು. ಮನೆಯ ಹಿರಿಯರಿಗೆ ಒಂದು ಪ್ಲೇನ್ ಸಿ.ಟಿ. ಮಾಡಿದ್ರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತೆ.

ಪಾಂಡವಪುರ_ತುರ್ತು
ನಮ್ಮ ಕಡೆ ತಲೆನೋವು ಬೇರೆ. ಹೆದ್ದಾರೀಲಿ ಬಿದ್ದವರ ಸಿ.ಟಿ.ಲಿ ಬೇಸಲ್ ಗ್ಯಾಂಗ್ಲಿಯಾದಲ್ಲಿ ಬಿಳಿ ಚುಕ್ಕೆ ಕಂಡ್ರೆ ರಕ್ತ ಅಂತ ಹೆದರಿ ಮೈಸೂರಿಗೆ ಆಂಬ್ಯುಲೆನ್ಸ್ ಹತ್ತಿಸ್ತಾರೆ. ಬಿಡಿಸಿ ಹೇಳೋದು ಹೆಂಗೆ?

ಗ್ಯಾಂಟ್ರಿ_ಮಂಡ್ಯ
ಅಳೆದು ನೋಡಿ ಅಣ್ಣ, ಕಣ್ಣಂದಾಜು ಬೇಡ. ಸಿ.ಟಿ.ಲಿ ಸಾಂದ್ರತೆ ಅಳೆಯೋ ಮಾನ ಹೌನ್ಸ್‌ಫೀಲ್ಡ್. ನೀರು 0, ಬಿಳಿದ್ರವ್ಯ 25–30, ಬೂದುದ್ರವ್ಯ 35–40, ಹೊಸ ರಕ್ತ 60–80 ಹೌನ್ಸ್‌ಫೀಲ್ಡ್. 100 ದಾಟಿದ್ರೆ ಸುಣ್ಣ ಅನ್ನಬಹುದು. ಅಳೆಯೋ ವೃತ್ತ ಚುಕ್ಕೆಗಿಂತ ಚಿಕ್ಕದಿರಬೇಕು. ಪಕ್ಕದ ಮೆದುಳು ಸೇರ್ಕೊಂಡ್ರೆ ಸಂಖ್ಯೆ ಬಿದ್ದುಹೋಗುತ್ತೆ.

ಎಡವೋದು ಸ್ಲೈಸ್ ದಪ್ಪದಲ್ಲಿ. 5 ಮಿ.ಮೀ. ಸ್ಲೈಸಲ್ಲಿ 2 ಮಿ.ಮೀ. ಸುಣ್ಣ ಇದ್ರೆ ಸುತ್ತಲಿನದೂ ಸೇರಿ ಸರಾಸರಿ ಆಗಿ 70 ತೋರಿಸುತ್ತೆ, ಥೇಟ್ ರಕ್ತ. ಅದೇ ಡೇಟಾನ 1 ಮಿ.ಮೀ.ಗೆ ಮತ್ತೆ ಕಟ್ಟಿಸಿ, ಸಂಖ್ಯೆ ಮೇಲೆ ಏರುತ್ತೆ. ಕಚ್ಚಾ ಡೇಟಾ ಮಷಿನ್‌ನಲ್ಲಿ ಕೆಲವೇ ದಿನ ಇರುತ್ತೆ, ಅವತ್ತೇ ಕೇಳ್ಬಿಡಿ. ವಿಂಡೋನೂ (ಚಿತ್ರದ ಕಪ್ಪುಬಿಳುಪಿನ ಹೊಂದಾಣಿಕೆ) ಬದಲಿಸಿ ನೋಡಿ. ಅಗಲ 80, ಮಟ್ಟ 40ರ ಬ್ರೈನ್ ವಿಂಡೋದಲ್ಲಿ 80 ದಾಟಿದ್ದೆಲ್ಲ ಒಂದೇ ಬಿಳಿ. ಬೋನ್ ವಿಂಡೋಗೆ ಹಾಕಿದ್ರೆ ರಕ್ತ ಮಾಯ, ದಟ್ಟ ಸುಣ್ಣ ಉಳಿಯುತ್ತೆ.

ಒಂಟಿಕೊಪ್ಪಲ್_ಫಿಲ್ಮ್
ಗ್ಯಾಂಟ್ರಿಯವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಬೋನ್ ವಿಂಡೋದಲ್ಲಿ ಮಾಯ ಆಯ್ತು ಅಂತ ರಕ್ತ ಅಂತ ತೀರ್ಮಾನ ಮಾಡ್ಬೇಡಿ, ತೆಳು ಸುಣ್ಣವೂ ಮಾಯ ಆಗುತ್ತೆ. ಉಳಿದ್ರೆ ಸುಣ್ಣ ಅನ್ನಬಹುದು, ಅಷ್ಟೇ. ಸುತ್ತ ಊತ ಇದೆಯಾ, ಎರಡೂ ಕಡೆ ಕನ್ನಡಿ ಹಿಡಿದಂಗೆ ಇದೆಯಾ ನೋಡಿ. ಸಂಶಯ ಉಳಿದ್ರೆ ರೋಗೀನ ನಿಗಾದಲ್ಲಿಟ್ಟು ಮತ್ತೆ ಸಿ.ಟಿ. ಮಾಡಿ. ರಕ್ತ ದಿನ ಕಳೆದಂಗೆ ಬದಲಾಗುತ್ತೆ, ಸುಣ್ಣ ಹಂಗೇ ಕೂತಿರುತ್ತೆ. ಡ್ಯುಯಲ್ ಎನರ್ಜಿ ಮಷಿನ್ ಇರೋ ಕಡೆ ಒಂದೇ ಸಲಕ್ಕೆ ಗೊತ್ತಾಗುತ್ತೆ.

ಎಂ.ಆರ್.ಐ. ಮಾಡಿಸಿದ್ರೆ ಎಸ್‌ಡಬ್ಲ್ಯುಐನ ಫೇಸ್ ಚಿತ್ರ ಕೇಳಿ (ಸುಣ್ಣ, ರಕ್ತ ಎದ್ದು ಕಾಣೋ ಒಂದು ಬಗೆಯ ಎಂ.ಆರ್.ಐ. ಅದು). ಸುಣ್ಣ ಮತ್ತು ರಕ್ತ ಅದರಲ್ಲಿ ಒಂದಕ್ಕೊಂದು ವಿರುದ್ಧ, ಒಂದು ಬಿಳಿ ಒಂದು ಕಪ್ಪು. ಯಾವುದು ಬಿಳಿ ಅನ್ನೋದು ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ. ಅದಕ್ಕೇ ಅದೇ ರೋಗಿಯ ಪೀನಿಯಲ್ ಅಥವಾ ಕೋರಾಯ್ಡ್ ಸುಣ್ಣ ಯಾವ ಬಣ್ಣದಲ್ಲಿದೆ ಅಂತ ನೋಡಿ ಹೋಲಿಸಿ. ಯಾರಿಗೂ ಬೇಡದ ಆ ಹರಳು ಇಲ್ಲಿ ಕೆಲಸಕ್ಕೆ ಬರುತ್ತೆ.

ಪಾಂಡವಪುರ_ತುರ್ತು
ಈ ಪೀನಿಯಲ್ ಹೋಲಿಕೆ ಎಲ್ಲೂ ಓದಿರಲಿಲ್ಲ. ಥ್ಯಾಂಕ್ಸ್ ಮೇಡಂ.

ಹಳೇ_ಎಕ್ಸ್‌ರೇ
ಸಿ.ಟಿ. ಬರೋಕೆ ಮುಂಚೆ ಪೀನಿಯಲ್ ಹರಳಿಗೆ ದೊಡ್ಡ ಮರ್ಯಾದೆ ಇತ್ತು. ತಲೆಬುರುಡೆ ಎಕ್ಸ್‌ರೇನಲ್ಲಿ ಅದು ನಡುಗೆರೆಯಿಂದ ಒಂದು ಪಕ್ಕಕ್ಕೆ ಸರಿದಿದ್ರೆ ಇನ್ನೊಂದು ಪಕ್ಕ ಗೆಡ್ಡೆಯೋ ರಕ್ತವೋ ತಳ್ತಿದೆ ಅಂತ ಊಹಿಸ್ತಿದ್ರು. ಹೌನ್ಸ್‌ಫೀಲ್ಡರ ಮಷಿನ್ ಮೊದಲ ರೋಗಿಯನ್ನ ನೋಡಿದ್ದು 1971ರ ಅಕ್ಟೋಬರ್ 1ಕ್ಕೆ, ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೇಲಿ. ಅಲ್ಲಿವರೆಗೂ ಸಾದಾ ಎಕ್ಸ್‌ರೇನಲ್ಲಿ ಬುರುಡೆ ಒಳಗಿನ ಮುಖ್ಯ ಗುರುತು ಅಂದ್ರೆ ಈ ಹರಳೇ.

ಮುದ್ದೆ_ಬಸ್ಸಾರು
ವಿಷಯಕ್ಕೆ ಬನ್ನಿ. ರಾಗಿ ತಿನ್ನಬಹುದೋ ಬೇಡವೋ ಒಂದೇ ಮಾತಲ್ಲಿ ಹೇಳಿ, ನಮ್ಮೂರಲ್ಲಿ ಅದೇ ಪಂಚಾಯ್ತಿ.

ಕುವೆಂಪುನಗರ_ಔಷಧಿ
ತಿನ್ನಿ. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ. ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಬೇಕು ಅಂತ ಐಸಿಎಂಆರ್ ಹೇಳುತ್ತೆ. ಮುದ್ದೆ ಬಿಟ್ಟು ಬಿಳಿ ಅನ್ನಕ್ಕೆ ಹೋದ್ರೆ ಅದು ಎಲ್ಲಿಂದ ಬರಬೇಕು? ಊಟದಲ್ಲಿ ಕಮ್ಮಿಯಾದ್ರೆ ದೇಹ ಮೂಳೆಯಿಂದ ಕಿತ್ತು ರಕ್ತಕ್ಕೆ ಹಾಕುತ್ತೆ. ಮೆದುಳಿನ ಹರಳು ಹಂಗೇ ಇರುತ್ತೆ, ಸೊಂಟದ ಮೂಳೆ ಮಾತ್ರ ಟೊಳ್ಳಾಗುತ್ತೆ.

ನಾಲೆಬದಿ
ಎಲೆಅಡಿಕೆಗೆ ಹಚ್ಚೋ ಸುಣ್ಣ?

ಚಾಮುಂಡಿಪುರಂ_ಎಂಡಿ
ಅದು ಮೆದುಳಿಗೆ ಹೋಗಿ ಕಟ್ಟಲ್ಲ. ದಿನಕ್ಕೆ ಹತ್ತಾರು ಸಲ ಸುಣ್ಣ ಜಾಸ್ತಿ ಹಚ್ಚಿ ಹಾಕೋರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳಬಹುದು, ಅದು ಬೇರೆ ವಿಷಯ. ಬಾಯಿ ಬಿಗಿತಕ್ಕೂ ಕ್ಯಾನ್ಸರಿಗೂ ಅಡಿಕೆ, ಹೊಗೆಸೊಪ್ಪು ಕಾರಣ. ಬಿಡಿಸಬೇಕಾದ್ದು ಆ ಕಾರಣಕ್ಕೆ.

ಧ್ಯಾನಪಥ
ಪೀನಿಯಲ್ ಅಂದ್ರೆ ಮೂರನೇ ಕಣ್ಣು. ಫ್ಲೋರೈಡ್ ನೀರಿಂದ ಅದು ಮುಚ್ಚಿಹೋಗಿದೆ. ಡಿಕ್ಯಾಲ್ಸಿಫೈ ಮಾಡೋ ಡ್ರಾಪ್ಸ್ ಬಂದಿದೆ, ಇದನ್ನ ಯಾಕೆ ಯಾರೂ ಹೇಳ್ತಿಲ್ಲ?

ಲ್ಯಾಬ್_ಬೆಂಚು
ಯಾಕಂದ್ರೆ ಆ ಹರಳನ್ನ ಕರಗಿಸೋ ಔಷಧಿ ಯಾವುದೂ ಇಲ್ಲ. ಅದು ಹೈಡ್ರಾಕ್ಸಿಅಪಟೈಟ್. ಮೂಳೆ, ಹಲ್ಲು ಆಗಿರೋದೂ ಅದರಿಂದಲೇ. ಫ್ಲೋರೈಡ್ ಅದರಲ್ಲಿ ಸೇರೋದು ನಿಜ, ಮೂಳೆಯಲ್ಲೂ ಹಲ್ಲಲ್ಲೂ ಸೇರುತ್ತೆ. ಹರಳು ಕಂಡ ಮಾತ್ರಕ್ಕೆ ಮೆಲಟೋನಿನ್ (ಪೀನಿಯಲ್ ಮಾಡೋ ನಿದ್ದೆಯ ಹಾರ್ಮೋನ್) ನಿಂತಿದೆ ಅಂತಲ್ಲ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಚಿಂತೆ ಇದ್ರೆ ನೀರನ್ನ ಪರೀಕ್ಷೆ ಮಾಡಿಸಿ, ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ಮಿತಿ. ಅದು ಹಲ್ಲು, ಮೂಳೆ ಉಳಿಸೋಕೆ. ಡಿಕ್ಯಾಲ್ಸಿಫೈ ಅಂತ ಬೋರಾಕ್ಸ್ ಕುಡಿಯೋಕೆ ಹೇಳೋ ವಿಡಿಯೋಗಳಿವೆ, ಅದು ವಿಷ. ದಯವಿಟ್ಟು ಯಾರೂ ಮನೇಲಿ ಮಾಡ್ಬೇಡಿ.

ಧ್ಯಾನಪಥ
ಧ್ಯಾನ ಮಾಡೋದು ತಪ್ಪಾ?

ಲ್ಯಾಬ್_ಬೆಂಚು
ಖಂಡಿತಾ ಮಾಡಿ. ಡ್ರಾಪ್ಸ್ ಬೇಡ.

ಹುಣಸೂರು_ರಸ್ತೆ
ಮೆದುಳಿನ ಹೊರಪದರದಲ್ಲಿ ಒಂದೇ ಒಂದು ಸುಣ್ಣದ ಚುಕ್ಕೆ ಇದ್ರೆ? ಈ ಥರ ರಿಪೋರ್ಟ್ ನಮ್ಮಲ್ಲಿ ಬಾಳ ಬರುತ್ತೆ.

ನರಗುಂಪು_ಮೈಸೂರು
ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಸತ್ತ ಲಾಡಿಹುಳುವಿನ ಮರಿ, ಅಂದ್ರೆ ನ್ಯೂರೋಸಿಸ್ಟಿಸರ್ಕೋಸಿಸ್. ಕೆಲವೊಮ್ಮೆ ವಾಸಿಯಾದ ಕ್ಷಯದ ಗಂಟು. ಇದು ಮಾಮೂಲು ಪಟ್ಟಿಗೆ ಸೇರಲ್ಲ, ಆದ್ರೆ ಹುಳು ಸತ್ತಿರೋದ್ರಿಂದ ಹುಳುವಿನ ಮಾತ್ರೆ ಆಲ್ಬೆಂಡಜೋಲ್ ಕೊಟ್ಟು ಉಪಯೋಗವಿಲ್ಲ. ಫಿಟ್ಸ್ ಬಂದಿದ್ರೆ ಫಿಟ್ಸ್ ಮಾತ್ರೆ. ಫಿಟ್ಸ್ ಬಂದ ದಿನಗಳಲ್ಲಿ ಎಂ.ಆರ್.ಐ. ಮಾಡಿದ್ರೆ ಸುಣ್ಣದ ಸುತ್ತ ಊತ ಕಾಣಬಹುದು. ಸುಣ್ಣದ ಗುರುತು ಉಳಿದವರಲ್ಲಿ ಫಿಟ್ಸ್ ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಬರೋ ಸಂಭವ ಹೆಚ್ಚು, ತಾವಾಗೇ ನಿಲ್ಲಿಸಬೇಡಿ ಅಂತ ಒತ್ತಿ ಹೇಳಿ. ಫಿಟ್ಸೇ ಬಂದಿಲ್ಲ, ಬೇರೆ ಕಾರಣಕ್ಕೆ ಮಾಡಿದ ಸಿ.ಟಿ.ಲಿ ಸಿಕ್ಕಿದೆ ಅಂದ್ರೆ ಮಾತ್ರೆಯೂ ಬೇಡ.

ಮುದ್ದೆ_ಬಸ್ಸಾರು
ಹಂದಿಮಾಂಸ ತಿನ್ನದವರಿಗೂ ಬರುತ್ತಾ?

ನರಗುಂಪು_ಮೈಸೂರು
ಬರುತ್ತೆ. ಸರಿಯಾಗಿ ಬೇಯದ ಹಂದಿಮಾಂಸದಿಂದ ಕರುಳಲ್ಲಿ ಲಾಡಿಹುಳು ಬೆಳೆಯುತ್ತೆ. ಆ ಹುಳು ಇರೋರ ಮಲದ ಮೊಟ್ಟೆ ನೀರು, ಹಸಿ ಸೊಪ್ಪು, ತೊಳೆಯದ ಕೈ ಮೂಲಕ *ಇನ್ನೊಬ್ಬರ* ಹೊಟ್ಟೆಗೆ ಹೋದಾಗ ಮೆದುಳಿಗೆ ಬರುತ್ತೆ. ಸಸ್ಯಾಹಾರಿಗಳಲ್ಲೂ ಇದೆ. ಕ್ಯಾರೆಟ್, ಕೊತ್ತಂಬರಿ, ಮೂಲಂಗಿ ಹಸಿ ತಿನ್ನೋದಾದ್ರೆ ಹರಿಯೋ ನೀರಲ್ಲಿ ಚೆನ್ನಾಗಿ ತೊಳೀರಿ.

ಒಂಟಿಕೊಪ್ಪಲ್_ಫಿಲ್ಮ್
ಇನ್ನೊಂದು ತಪ್ಪು ಓದು. ‘ಕೆರೋಟಿಡ್ ಸೈಫನ್ ಕ್ಯಾಲ್ಸಿಫಿಕೇಶನ್’, ‘ವರ್ಟಿಬ್ರಲ್ ಆರ್ಟರಿ ಕ್ಯಾಲ್ಸಿಫಿಕೇಶನ್’ ಅಂತ ಇದ್ರೆ ಅದನ್ನ ನಿರಪಾಯದ ಪಟ್ಟಿಗೆ ಸೇರಿಸ್ಬೇಡಿ. ಅದು ರಕ್ತನಾಳದ ಗೋಡೆ ಗಟ್ಟಿಯಾಗಿರೋ ಗುರುತು. ಆಪರೇಷನ್ ಬೇಡ, ಆದ್ರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿ, ಬೀಡಿ ಬಿಡಿಸಿ. ಪೀನಿಯಲ್ ಬಗ್ಗೆ ಅರ್ಧ ಗಂಟೆ ಸಮಾಧಾನ ಹೇಳಿ ಈ ಸಾಲನ್ನ ಓದದೇ ಕಳಿಸಿದ್ರೆ ಆ ರೋಗಿಗೆ ನಿಜವಾಗಿ ಬೇಕಿದ್ದದ್ದೇ ಸಿಗಲಿಲ್ಲ.

ಮದ್ದೂರು_ಓಪಿಡಿ
ಮಕ್ಕಳ ವಿಷಯ ಉಳೀತು ಮೇಡಂ. ನಾಲ್ಕು ವರ್ಷದ ಮಗು, ಪೀನಿಯಲ್‌ನಲ್ಲಿ ಸುಣ್ಣ ಅಂದ್ರೆ?

ಒಂಟಿಕೊಪ್ಪಲ್_ಫಿಲ್ಮ್
ಐದಾರು ವರ್ಷದ ಒಳಗೆ ಅದು ಅಪರೂಪ, ಹಂಗಾಗಿ ಸುಮ್ಮನೆ ಬಿಡಬೇಡಿ. ಸುಣ್ಣ ಹೆಂಗೆ ಕೂತಿದೆ ನೋಡಿ. ಒಂದು ಗೆಡ್ಡೆ ಅದನ್ನ ಸುತ್ತುವರಿದು ಮಧ್ಯಕ್ಕೆ ಹಾಕ್ಕೊಂಡಿದ್ರೆ ಜರ್ಮಿನೋಮಾ, ಚೂರು ಚೂರಾಗಿ ಅಂಚಿಗೆ ಚೆದುರಿದ್ರೆ ಪೀನಿಯೋಬ್ಲಾಸ್ಟೋಮಾ ಥರದ್ದು. ಮಗು ಕಣ್ಣೆತ್ತಿ ಮೇಲೆ ನೋಡೋಕೆ ಕಷ್ಟಪಡುತ್ತಾ, ಬೆಳಿಗ್ಗೆ ಎದ್ದ ಕೂಡ್ಲೇ ವಾಂತಿ ಆಗುತ್ತಾ ಕೇಳಿ. ಮುಂದಿನ ಚಿತ್ರ ಕಾಂಟ್ರಾಸ್ಟ್ ಎಂ.ಆರ್.ಐ. ಇರಲಿ, ಮತ್ತೆ ಮತ್ತೆ ಸಿ.ಟಿ. ಬೇಡ. ತಲೆ ಸಿ.ಟಿ. ಒಂದಕ್ಕೆ ಸುಮಾರು 2 ಮಿಲಿಸೀವರ್ಟ್ ವಿಕಿರಣ, ಮಕ್ಕಳಿಗೆ ಅದನ್ನ ಲೆಕ್ಕ ಹಾಕಿ ಕೊಡಬೇಕು.

ಹುಣಸೂರು_ರಸ್ತೆ
ದೊಡ್ಡವರಿಗೆ ಆರು ತಿಂಗಳಿಗೊಮ್ಮೆ ಸಿ.ಟಿ. ಮಾಡಿಸಿ ಹರಳು ಬೆಳೆದಿದೆಯಾ ನೋಡೋದು?

ಗ್ಯಾಂಟ್ರಿ_ಮಂಡ್ಯ
ಬೇಡ. ಪೀನಿಯಲ್, ಕೋರಾಯ್ಡ್, ಫಾಲ್ಕ್ಸ್ ಸುಣ್ಣಕ್ಕೆ ಫಾಲೋಅಪ್ ಸ್ಕ್ಯಾನ್ ಇಲ್ವೇ ಇಲ್ಲ. ಫಿಲ್ಮ್ ಜೊತೆ ಸಿ.ಡಿ. ಇಸ್ಕೊಂಡು ಮನೇಲಿಡೋಕೆ ಹೇಳಿ. ಮುಂದೆ ಯಾವಾಗಾದ್ರೂ ಬಿದ್ದು ಸಿ.ಟಿ. ಮಾಡಿಸಿದ್ರೆ ಹಳೇದು ಪಕ್ಕದಲ್ಲಿಟ್ಟು ನೋಡಿದ ಕೂಡ್ಲೇ ರಕ್ತ ಅಲ್ಲ ಅಂತ ಗೊತ್ತಾಗುತ್ತೆ.

ಮದ್ದೂರು_ಓಪಿಡಿ
ರಕ್ತಕ್ಕೆ ಖಾಲಿ ಹೊಟ್ಟೇಲಿ ಕಳಿಸ್ಲಾ?

ಲ್ಯಾಬ್_ಬೆಂಚು
ಬೆಳಿಗ್ಗೆ ಖಾಲಿ ಹೊಟ್ಟೇಲಿ ಕಳಿಸಿ, ಊಟ ಆದ್ಮೇಲೆ ರಂಜಕ ಏರಿಳಿಯುತ್ತೆ. ಬೆಳಗಿನ ಕ್ಯಾಲ್ಸಿಯಂ ಮಾತ್ರೆಯನ್ನ ರಕ್ತ ಕೊಟ್ಟ ಮೇಲೆ ನುಂಗಲಿ.